ಮೆನುವಿನಲ್ಲಿ ಉಳಿದ ಐಕಾನ್

ದುಃಖ ಬಂದಾಗ ಕೆಲವರು ಊಟ ಬಿಡುತ್ತಾರೆ, ಕೆಲವರು ದೇವರನ್ನೇ ಬಿಡುತ್ತಾರೆ. ನಾನು ಪೊರಕೆ ಹಿಡಿಯುತ್ತೇನೆ. ನಮ್ಮವರು ತೀರಿಕೊಂಡ ಹನ್ನೊಂದನೆಯ ದಿನ ತಿಥಿ ಮುಗಿಸಿ, ಮನೆ ತೊಳೆದು, ಅವರ ಅಂಗಿಗಳನ್ನು ಗಂಟು ಕಟ್ಟಿಟ್ಟೆ. ಮಾರನೆಯ ದಿನ ದೇವನಹಳ್ಳಿಯಲ್ಲಿದ್ದ ಅವರ ಸ್ಟಿಕ್ಕರ್ ಅಂಗಡಿಯನ್ನೂ ತೊಳೆದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಕಂಪ್ಯೂಟರಿಗೂ ಸೂತಕ ಕಳೆಯಲಿ ಎಂದು, ಅದರಲ್ಲಿ ಚೆಲ್ಲಾಡಿದ್ದ ಅವರ ಫೈಲುಗಳನ್ನೆಲ್ಲ ಬಳಿದು ‘ಇವರದು’ ಎಂಬ ಒಂದೇ ಫೋಲ್ಡರಿಗೆ ತುಂಬಿದೆ.

ಅಂಗಡಿ ಕಟ್ಟಡದ ಮಾಲೀಕರು ಒಂದು ವಾರ ಗಡುವು ಕೊಟ್ಟಿದ್ದರು. “ನಡ್ಸೋ ಹಂಗಿದ್ರೆ ನಡ್ಸಮ್ಮ. ಆಗ್ಲಿಲ್ಲಾಂದ್ರೆ ಮೊಬೈಲ್ ಅಂಗ್ಡಿಯೋರು ಕೇಳ್ತಾವ್ರೆ.” ನನ್ನ ಮೊದಲ ಗಿರಾಕಿ ಮುನಿರಾಜು, ಏರ್‌ಪೋರ್ಟ್ ಟ್ಯಾಕ್ಸಿಯವನು. ಹಿಂದಿನ ಗಾಜಿಗೆ ಮಗಳ ಹೆಸರು ಬೇಕಿತ್ತು. ಪರೀಕ್ಷೆ ನೋಡಲು ಮಾಲೀಕರೂ ಬಂದು ಸ್ಟೂಲಿನ ಮೇಲೆ ಕೂತರು. ಮೆನು ತೆರೆದೆ. ಅಕ್ಷರ ಬಿಡಿಸುವ ಪ್ರೋಗ್ರಾಮಿನ ಐಕಾನ್ ಇತ್ತು, ಹೆಸರೂ ಇತ್ತು. ಒತ್ತಿದೆ. ಏನೂ ಬರಲಿಲ್ಲ. ಮತ್ತೆ ಒತ್ತಿದೆ. ಮನೆಯ ಗೋಡೆಯ ಮೇಲೂ ಈಗ ಹಾಗೆಯೇ: ಮುಖವಿದೆ, ಹಾರವಿದೆ, ಕೂಗಿದರೆ ಓ ಎನ್ನುವುದಿಲ್ಲ.

“ಅಕ್ಕಾ, ಟ್ರಿಪ್ ಐತೆ. ನಂಗೋಸ್ಕರ ಫ್ಲೈಟ್ ನಿಲ್ಸಲ್ಲ ಅವ್ರು,” ಎಂದ ಮುನಿರಾಜು.

ಈ ಕಂಪ್ಯೂಟರಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟವನು ಇವರ ಗೆಳೆಯ, ನೆಲಮಂಗಲದ ಶಿವಣ್ಣ. ಅವನಿಗೆ ಫೋನ್ ಮಾಡಿದೆ.

“ಫೈಲೇನಾದ್ರೂ ಜರುಗ್ಸುದ್ರಾ ಅತ್ಗೆ?”

“ಗುಡಿಸ್ದೆ ಶಿವಣ್ಣ.”

“ಆ ಪ್ರೋಗ್ರಾಮು ಇನ್‌ಸ್ಟಾಲ್ ಮಾಡಿದ್ದಲ್ಲ ಅತ್ಗೆ. ಇಡೀ ಸಂಸಾರನೇ ಒಂದು ಫೈಲ್‌ನಲ್ಲಿ ಕಟ್ಕೊಂಡೈತೆ. ಎಲ್ಲಿಟ್ರೂ ಓಡ್ತದೆ. ಮೆನುಗೆ ಮಾತ್ರ ಹಳೇ ಅಡ್ರೆಸ್ಸೇ ಗೊತ್ತಿರೋದು. ನೀವು ಫೈಲಿನ ಮನೆ ಬದಲಾಯ್ಸಿದ್ದು ಅದಕ್ಯಾರು ಹೇಳ್ಬೇಕು?”

ಅವನು ಹೇಳಿದಂತೆ ಫೋಲ್ಡರಿನಲ್ಲಿ ಫೈಲ್ ಹುಡುಕಿ ಎರಡು ಸಲ ಒತ್ತಿದೆ. ‘ಮೆನುವಿಗೆ ಸೇರಿಸಲೇ?’ ಎಂದು ಪರದೆ ಕೇಳಿತು. ಬಾಯಲ್ಲಿ “ಹೂಂ” ಅಂದೆ. ಮಾಲೀಕರು ತಿರುಗಿ ನೋಡಿದ ಮೇಲೆ ಬಟನ್ ಒತ್ತಿದೆ. ಪ್ರೋಗ್ರಾಮ್ ತೆರೆದುಕೊಂಡಿತು. ಗಾಜಿನ ಮೇಲೆ ಮಗಳ ಹೆಸರು ಕೊಂಚ ಸೊಟ್ಟಗೆ ಕೂತಿತು.

“ಅಣ್ಣ ಅಂಟ್ಸುದ್ರೂ ಹಿಂಗೇ ಇರ್ತಿತ್ತು ಬಿಡಕ್ಕ,” ಎಂದು ಮುನಿರಾಜು ಗಾಡಿ ಎತ್ತಿದ. ಮಾಲೀಕರು ಎದ್ದು ಪಂಚೆ ಕೊಡವಿದರು. “ಮೊಬೈಲ್‌ನೋರ್ಗೆ ಇಲ್ಲ ಅಂದ್ಬಿಡ್ತೀನಿ.”

ಈಗ ಮೆನುವಿನಲ್ಲಿ ಒಂದೇ ಹೆಸರಿನ ಎರಡು ಐಕಾನುಗಳಿವೆ. ಹಳೆಯದನ್ನು ತೆಗೆದುಹಾಕಿ ಎಂದು ಶಿವಣ್ಣ ಎರಡು ಸಲ ಹೇಳಿದ್ದಾನೆ. ನನ್ನ ಕೈಲಾಗಿಲ್ಲ. ಗಿರಾಕಿ ಬಂದಾಗ ಮೊದಲು ಅದನ್ನೇ ಒತ್ತುತ್ತೇನೆ, ಸ್ವಲ್ಪ ಕಾಯುತ್ತೇನೆ, ಆಮೇಲೆ ಇನ್ನೊಂದನ್ನು.

“ಕಂಪ್ಯೂಟ್ರು ಭಾರಿ ಸ್ಲೋ ಅಲ್ವಾಕ್ಕ?” ಎನ್ನುತ್ತಾರೆ.

“ಹಳೇದಲ್ವಾ,” ಎಂದು ತಪ್ಪನ್ನು ಅದರ ತಲೆಗೆ ಕಟ್ಟುತ್ತೇನೆ.