ಊರು ಸುತ್ತಿದ ರವಿಕೆ ಕಣ

ಈ ಕಥೆಯ ಗುಟ್ಟನ್ನು ನನಗೆ ಮೊದಲು ಹೇಳಿದವಳು ನನ್ನ ಹೆಂಡತಿ. ಅದು ನಡೆದಾಗ ನಾನೂ ಅಲ್ಲೇ ಕೂತಿದ್ದೆ. ಎಲ್ಲವನ್ನೂ ಕಣ್ಣಾರೆ ಕಂಡೆ, ಒಂದೂ ತಿಳಿಯಲಿಲ್ಲ.

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನಮ್ಮ ತೆಂಗಿನ ತೋಟದ ಪಕ್ಕದಲ್ಲೇ ದಿಕ್ಕಿಲ್ಲದ ಮಕ್ಕಳ ಆಶ್ರಮ. ಪರದೇಶದ ಒಂದು ಸೇವಾಸಂಸ್ಥೆಯವರು ಅಲ್ಲಿಗೆ ವರ್ಷಕ್ಕೊಬ್ಬರನ್ನು ಕಳಿಸುತ್ತಾರೆ. ಸಂಬಳವಿಲ್ಲದ ಸೇವೆ. ಹಾಗೆ ಬಂದವರು ಇರುವಷ್ಟು ದಿನ ದೇವರ ದಯೆಯಿಂದ ನಮ್ಮೂರಲ್ಲಿ ನಗುವಿಗೆ ಕೊರತೆಯಿಲ್ಲ. ಹೋದ ವರ್ಷ ಬಂದವಳು ಚಿಕ್ಕ ವಯಸ್ಸಿನ ಹುಡುಗಿ. ಮಕ್ಕಳು ಮೇಡಂ ಅಂದರು, ನಾವೂ ಹಾಗೇ ಅಂದೆವು.

೧. ಹೊಗಳಿಕೆಯ ಖರ್ಚು

ಮಕ್ಕಳನ್ನು ದಿನವೂ ಹೊಗಳಬೇಕು ಎಂದು ಅವಳಿಗೆ ಅವರ ದೇಶದಲ್ಲಿ ಹೇಳಿಕೊಟ್ಟಿದ್ದರಂತೆ. ಬಂದ ಮರುದಿನವೇ ಶುರುವಾಯಿತು. ಒಬ್ಬಳ ಕಣ್ಣು ಚೆಂದ, ಒಬ್ಬನ ನಗು ಚೆಂದ, ಇನ್ನೊಬ್ಬ ಎಷ್ಟು ಚೆನ್ನಾಗಿ ಉಣ್ಣುತ್ತಾನೆ!

ಆಶ್ರಮದ ಅಡುಗೆಯಮ್ಮನಿಗೆ ದಿಗಿಲಾಯಿತು. ಇಷ್ಟು ಹೊಗಳಿದರೆ ಮಕ್ಕಳಿಗೆ ದೃಷ್ಟಿಯಾಗದೆ ಇರುತ್ತದೆಯೇ? ಸಂಜೆ ಹೊಗಳಿಸಿಕೊಂಡವರನ್ನೆಲ್ಲ ಸಾಲಾಗಿ ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿಯಾಗಿಲ್ಲ ಅಂತ ಲೆಕ್ಕ. ಆಶ್ರಮವೆಲ್ಲ ಕೆಮ್ಮುವಷ್ಟು ಘಾಟು ಬಂದರೂ ಆಕೆಗೆ ಸಮಾಧಾನವಿಲ್ಲ. ಮೇಡಂ ಕೆಮ್ಮುತ್ತಲೇ, "ಅಡುಗೆಯಮ್ಮನ ಭಕ್ತಿ ಎಷ್ಟು ಚೆಂದ!" ಅಂದಳು. ಮರುದಿನದಿಂದ ಅಡುಗೆಯಮ್ಮ ತನಗೂ ಒಂದು ಹಿಡಿ ನಿವಾಳಿಸಿಕೊಳ್ಳತೊಡಗಿದಳು.

ಒಂದು ದಿನ ವಾರ್ಡನ್ ಊಟಕ್ಕೆ ಕೂತು, "ಏನಮ್ಮಾ, ಸಾರು ಇಷ್ಟು ಸಪ್ಪೆ ಐತೆ?" ಅಂದರು.

"ಮೆಣಸಿನ್‌ಕಾಯಿ ಎಲ್ಲೈತೆ ಸಾ? ನಾಳೆ ಒಂದಿನ ಮಕ್ಕಳ್ನ ಬೈಯಕ್ಕೆ ಹೇಳಿ ಮೇಡಮ್ಮಾರಿಗೆ. ಖಾರವಾಗಿ ಮಾಡ್ತೀನಿ."

೨. ಅಡ್ಡ ನಿಂತವರು

ಒಂದು ಭಾನುವಾರ ಮಕ್ಕಳನ್ನೂ ಮೇಡಮ್ಮನ್ನೂ ಹಳೇಬೀಡಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಒಂದೊಂದು ಕಂಬವನ್ನೂ ನಿಧಾನವಾಗಿ ವಿವರಿಸಬೇಕು ಎಂದಿದ್ದೆ. ಮೆಟ್ಟಿಲು ಹತ್ತುವ ಮೊದಲೇ ಪ್ರವಾಸಕ್ಕೆ ಬಂದಿದ್ದ ಜನ ಅವಳನ್ನು ಮುತ್ತಿಕೊಂಡರು. ಎಲ್ಲರಿಗೂ ಅವಳ ಜೊತೆ ಒಂದು ಫೋಟೋ ಬೇಕು. ದೇವರಿಗೆ ಬೆನ್ನು ಹಾಕಿ ಸರದಿ ನಿಂತರು. ನಮ್ಮ ಮಕ್ಕಳು ಸುಮ್ಮನಿರುತ್ತಾರೆಯೇ? ಪ್ರತಿ ಫೋಟೋದಲ್ಲೂ ನುಗ್ಗಿದರು.

ಒಬ್ಬ ಯಜಮಾನರಿಗೆ ರೇಗಿತು. "ಏಯ್, ಅಡ್ಡ ಬರಬೇಡ್ರೋ. ನಮ್ಮನೆಯೋರ ಫೋಟೋ ತೆಗೀತಾ ಇದೀನಿ."

ಒಬ್ಬ ಹುಡುಗ ಮೇಡಮ್ಮಿನ ಕೈ ಹಿಡಿದುಕೊಂಡು ಹೇಳಿದ: "ನಮ್ಮನೆಯೋರು ಇವರೇ ಅಂಕಲ್. ನೀವೇ ಅಡ್ಡ ನಿಂತಿರೋದು."

೩. ಕೊಡಾಕಿಲ್ಲ

ಊರಲ್ಲಿ ಅವಳು ಯಾವ ಮನೆಗೆ ಹೋದರೂ ಅರಿಶಿನ ಕುಂಕುಮ, ತೆಂಗಿನಕಾಯಿ, ಒಂದು ರವಿಕೆ ಕಣ. ಬೇಡ ಅನ್ನಬಾರದು ಎಂದು ನನ್ನ ಹೆಂಡತಿಯೇ ಹೇಳಿಕೊಟ್ಟಿದ್ದಳು. ಕಾಯಿ ಆಶ್ರಮದ ಚಟ್ನಿಗೆ ಹೋಯಿತು. ಕಣಗಳೆಲ್ಲ ಅವಳ ಪೆಟ್ಟಿಗೆ ಸೇರಿದವು.

ಆಶ್ರಮದ ವಾರ್ಷಿಕೋತ್ಸವ ಬಂತು. ಮಕ್ಕಳದು ಕೋಲಾಟ. ಎಲ್ಲರಿಗಿಂತ ಚಿಕ್ಕವಳು "ನಾನು ಬರಾಕಿಲ್ಲ" ಎಂದು ಮೂಲೆ ಹಿಡಿದಳು. ಹಿಂದಿನ ಸಲ ಯಾರೋ ಕೊಟ್ಟ ದೊಡ್ಡ ಲಂಗ ಕುಣಿಯುವಾಗ ಜಾರಿ, ಸೇರಿದ್ದ ಜನವೆಲ್ಲ ನಕ್ಕಿತ್ತು. ಅವಳನ್ನು ನೋಡಿ ಉಳಿದವರೂ ಒಲ್ಲೆವೆಂದರು. ತಮ್ಮ ಅಳತೆಗೆ ಹೊಲಿದ ಬಟ್ಟೆಯನ್ನು ಆ ಮಕ್ಕಳು ತೊಟ್ಟವರೇ ಅಲ್ಲ.

"ನಾನು ಹೊಲೀತೀನಿ" ಅಂದಳು ಮೇಡಂ, ಮಕ್ಕಳೇ ಕಲಿಸಿದ ಕನ್ನಡದಲ್ಲಿ.

ಆ ದಿನ ಪರದೆ ಸರಿಯಿತು. ಬಣ್ಣಬಣ್ಣದ ಲಂಗ, ಜುಬ್ಬ ತೊಟ್ಟು ಮಕ್ಕಳು ಕೋಲು ಹಿಡಿದು ಬಂದರು. ಚಿಕ್ಕವಳೂ ಬಂದಿದ್ದಳು, ಎಲ್ಲರ ಹಿಂದೆ. ಮುಂದಿನ ಸಾಲಿನ ಹೆಂಗಸರೆಲ್ಲ ಒಮ್ಮೆಲೇ ಮುಂದಕ್ಕೆ ಬಾಗಿದರು. ಅವರ ಅಭಿಮಾನ ಕಂಡು ನನಗೆ ಸಂತೋಷವಾಯಿತು.

"ಏನಕ್ಕಾ, ಆ ಗಿಳಿಹಸಿರು ಕಣ ಗೌರಿ ಹಬ್ಬಕ್ಕೆ ನಾನು ನಿಮಗೆ ಕೊಟ್ಟಿದ್ದಲ್ವಾ?" ಅಂದಳು ಒಬ್ಬಾಕೆ ಪಕ್ಕದವಳಿಗೆ.

"ಇರ್ಬೋದು ಕಣೇ. ಪಕ್ಕದ ನೀಲಿ ನೋಡು. ನಿನ್ ಮಗಳ ಸೀಮಂತಕ್ಕೆ ನಾನು ಕೊಟ್ಟಿದ್ದು!"

ಮಕ್ಕಳು ಒಂದು ಸುತ್ತು ತಿರುಗಿದರೆ ಇನ್ನೆರಡು ಮನೆಯ ಗುಟ್ಟು ಹೊರಬೀಳುತ್ತಿತ್ತು. ನೋಡಲು ಕೆಲವರು ಎದ್ದೇ ನಿಂತರು. ಮೆಚ್ಚಿದರು ಅಂದುಕೊಂಡು ಮಕ್ಕಳು ಇನ್ನೂ ಜೋರಾಗಿ ಸುತ್ತಿದರು.

ನಾನು ಹೆಂಡತಿಯ ಕಡೆ ಬಾಗಿ, "ನೀವೆಲ್ಲ ಕಣ ಕೊಟ್ರಿ, ಅವಳು ಹೊಲಿದ್ಲು. ತಪ್ಪೇನೇ?" ಅಂದೆ.

"ಅಯ್ಯೋ, ಕಣ ಇರೋದು ಹೊಲಿಸೋಕಲ್ಲ ಕಣ್ರೀ, ಕೊಡೋಕೆ! ನನಗೆ ಬಂದಿದ್ದು ಅವರಿಗೆ, ಅವರಿಗೆ ಬಂದಿದ್ದು ಇನ್ನೊಬ್ಬರಿಗೆ. ಪಾಪ, ಈ ಹುಡುಗಿಗೆ ಯಾರೂ ಹೇಳೇ ಇಲ್ಲ."

ಅಷ್ಟರಲ್ಲಿ ಚಿಕ್ಕವಳು ಮುಂದೆ ಬಂದಳು. ಕುಂಕುಮ ಬಣ್ಣದ ಲಂಗ, ಅಂಚಿನಲ್ಲಿ ಹಳದಿ ಹೂ. ಈ ಸಲ ಲಂಗ ಜಾರಲಿಲ್ಲ. ಬಾಣಾವರದಿಂದ ಬಂದಿದ್ದ ನಮ್ಮತ್ತೆ ಕನ್ನಡಕ ಸರಿಮಾಡಿಕೊಂಡು ಮಗಳ ಕಡೆ ತಿರುಗಿದರು.

"ಏನೇ, ಇದು ನಿನ್ನ ಮದುವೇಲಿ ನಾನು ಮಡಿಲು ತುಂಬಿದ ಕಣ ಅಲ್ವೇನೇ?"

ಹೆಂಡತಿ ದೇವರನ್ನು ನೆನೆದಳು. ಅವಳ ಜೊತೆಗೆ ನಾನೂ ನೆನೆದೆ. ಮದುವೆಯಾದ ವರ್ಷವೇ ಅದನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳಂತೆ. ಹಾರನಹಳ್ಳಿಯೋ, ಬೇಲೂರೋ, ಎಲ್ಲೆಲ್ಲಿ ಸುತ್ತಿತ್ತೋ ಅದು, ಕೊನೆಗೆ ಮೇಡಮ್ಮಿನ ಕತ್ತರಿಗೆ ಸಿಕ್ಕಿತ್ತು.

ಕೋಲಾಟ ಮುಗಿದ ಮೇಲೆ ಅತ್ತೆ ಚಿಕ್ಕವಳನ್ನು ಹತ್ತಿರ ಕರೆದು ಲಂಗದ ಅಂಚು ಹಿಡಿದು ನೋಡಿದರು. ಮಗು ಎರಡೂ ಕೈಯಲ್ಲಿ ಲಂಗ ಅವುಚಿಕೊಂಡಿತು.

"ಮುಟ್ಟಿ ನೋಡಿ ಅಜ್ಜಿ, ಕೊಡಾಕಿಲ್ಲ. ಇದು ನನ್ನ ಅಳತೆಗೇ ಹೊಲಿದಿರೋದು. ಯಾರ್ಗೂ ಕೊಡಾಕಿಲ್ಲ."

"ನೀನೇ ಇಟ್ಕೋ ತಾಯಿ," ಎಂದರು ಅತ್ತೆ. ಆಮೇಲೆ ಮಗಳ ಕಿವಿಯ ಹತ್ತಿರ ಬಾಗಿದರು. "ಹೆದರಬೇಡ ಬಿಡೇ. ನನಗೂ ಅದನ್ನ ಯಾರೋ ಕೊಟ್ಟಿದ್ದೇ."

ಓದಿದವರು ಈ ಕಥೆಯನ್ನು ದಯವಿಟ್ಟು ಮುಂದಿನ ಮನೆಗೆ ಕೊಡಿ. ಕಣ ಬಂದರೆ ಮಾತ್ರ ಹೊಲಿಸಿಬಿಡಿ.