ಹೊನ್ನಾವರಿಕೆಯ ಹಟ, ಸಗಣಿಯ ಪಾಂಡವರು

ಈ ಚಿದಾನಂದ, ಅಂದರೆ ನಾನೇ, ಒಮ್ಮೆ ಮಾತು ಕೊಟ್ಟನೆಂದರೆ ಮುಗಿಯಿತು, ಭೀಷ್ಮನೂ ಪಕ್ಕಕ್ಕೆ ಸರಿದು ನಿಲ್ಲಬೇಕು! ಹೋದ ವರ್ಷ ದೀಪಾವಳಿಯ ಪಾಡ್ಯದಂದು ಆದದ್ದೂ ಅದೇ. ನಮ್ಮ ಕಡೆ ಹೆಂಗಸರು ಮಾಡುವ ವಾಡಿಕೆಯಂತೆ ಸಗಣಿಯಲ್ಲಿ ಐವರು ಪಾಂಡವರನ್ನು ಮಾಡಿ ಅಂಗಳದಲ್ಲಿ ಕೂರಿಸಿದ್ದ ನನ್ನ ಹೆಂಡತಿ ಗಂಗಾಂಬಿಕಾ, ಅವರ ತಲೆಗೆ ಮುಡಿಸಲು ಹಳದಿ ಹೊನ್ನಾವರಿಕೆ ಹೂವಿಲ್ಲದೆ ಮುಖ ಸಣ್ಣದು ಮಾಡಿಕೊಂಡಿದ್ದಳು. ಎಲ್ಲಿಂದ ಸಿಗಬೇಕು? ಮಹಾಲಿಂಗಪುರದ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು. ನನ್ನ ಹೊಲದಲ್ಲೂ ಕಬ್ಬೇ ಅನ್ನಿ.

"ಬರೂ ವರ್ಷ ನಮ್ಮ ಹಿತ್ತಲದಾಗ ಬೆಳಿತೀನಿ! ಹೂ ಬರಲಿಲ್ಲಂದ್ರ ಪಾಂಡವರನ್ನ ನಾನೇ ಮಾಡ್ತೀನಿ, ಸಗಣಿ ಕಲಸಿ, ಓಣಿ ಮಂದಿ ಮುಂದ!" ಎಂದೆ.

ಗೋಡೆಯಾಚೆ ನೆರೆಮನೆಯ ರತ್ನಾಬಾಯಿ ಕಾಕು ಕೇಳಿಸಿಕೊಂಡರು. ಅಂದರೆ ಊರೇ ಕೇಳಿಸಿಕೊಂಡಿತು.

ಮುಂಗಾರಿನ ಹೊತ್ತಿಗೆ ಸಾವಳಗಿ ಕಡೆಯ ಬರಡು ಮಡ್ಡಿಗೆ ಹೋಗಿ ಆರು ಸಸಿ ಅಗೆದು ತಂದೆ. ಕಲ್ಲು ನೆಲ, ರಣಬಿಸಿಲು, ಇಷ್ಟಿದ್ದರೆ ಸಾಕು ಈ ಗಿಡಕ್ಕೆ. ಐದನ್ನು ಹಿತ್ತಲಲ್ಲಿ ಸಾಲಾಗಿ ನೆಟ್ಟೆ. ಆರನೆಯದು ಸೊಟ್ಟ. ನನ್ನ ತೋಟಕ್ಕೆ ಕಳಂಕವೆಂದು ಬೇರಿನ ಮಣ್ಣಿನ ಸಮೇತ ಹಿತ್ತಲಿನಾಚೆಯ ಕಲ್ಲಿನ ಗುಂಪಿಯ ಮೇಲೆ ಒಗೆದೆ. ಕೆಂಪು ಬಣ್ಣದಲ್ಲಿ ಫಲಕ ಬರೆದು ನಿಲ್ಲಿಸಿದೆ: 'ನೀರು ಹಾಕಬಾರದು. ಅಪ್ಪಣೆ ಮೇರೆಗೆ, ಮಾಲೀಕರು.'

ಆದರೆ ಮೂವತ್ತು ವರ್ಷ ಕಬ್ಬಿಗೆ ನೀರು ಹಾಯಿಸಿದ ಕೈ ಇದು. ಒಣ ಮಣ್ಣು ಕಂಡರೆ ತುರಿಸುತ್ತದೆ! ಯಾರೂ ಏಳುವ ಮೊದಲು ಗಿಡಕ್ಕೊಂದು ಕೊಡ ಸುರಿಯತೊಡಗಿದೆ. ಫಲಕ ಬರೆದದ್ದು ಬೇರೆಯವರಿಗೆ ತಾನೇ?

ಎಂಟೇ ದಿನದಲ್ಲಿ ಎಲೆಗಳು ಹಳದಿಯಾದವು. ಹಳದಿಯಾಗಬೇಕಿದ್ದದ್ದು ಹೂವು! ನೀರು ಸಾಲಲಿಲ್ಲವೆಂದು ಎರಡೆರಡು ಕೊಡ ಹಾಕಿದೆ. ಒಂದು ಬೆಳಗ್ಗೆ ಹೀಗೆ ಕೊಡ ಬಗ್ಗಿಸಿದ್ದಾಗ ಹಿಂದೆ ಹೆಜ್ಜೆ ಸಪ್ಪಳ. ತಿರುಗಿದರೆ ಗಂಗಾ, ಕೈಯಲ್ಲಿ ಕೊಡ! ತಲೆಯೆತ್ತಿದರೆ ಗೋಡೆಯ ಮೇಲಿಂದ ರತ್ನಾಬಾಯಿ, ಕೈಯಲ್ಲಿ ಅಕ್ಕಿ ತೊಳೆದ ನೀರಿನ ಬೋಗುಣಿ!

"ನೀರ ಹಾಕಬಾರದಂತ ಬರದೀನಲ್ಲ!" ಎಂದು ಗುಡುಗಿದೆ, ನನ್ನ ಕೊಡವನ್ನು ಬೆನ್ನ ಹಿಂದೆ ಅಡಗಿಸಿಕೊಂಡು.

"ಪಾಪ, ಗಿಡ ಒಣಗಾಕತ್ತಿದ್ವು. ನಿಮ್ಮ ಮಾನ ಉಳಸೂಣಂತ ದಿನಾ ಸಂಜಿಕ್ಕ ಹಾಕಾಕತ್ತಿದ್ದೆ, ಇವತ್ತ ಮುಂಜಾನೆನೂ ಬಂದೇನ್ರಿ," ಎಂದಳು ಗಂಗಾ. "ನೀವೇನ ಮಾಡಾಕತ್ತೀರಿ?"

"ನಾನಾ? ಕೊಡ ತೊಳ್ಯಾಕತ್ತೀನಿ."

ಮೂರು ಮಂದಿಯ ಮಮತೆಯಲ್ಲಿ ಐದೂ ಸಸಿಗಳು ಕೊಳೆತುಹೋದವು.

ಪಾಡ್ಯ ಬಂದೇಬಿಟ್ಟಿತು. "ಸಗಣಿ ಬುಟ್ಟಿ ಅಲ್ಲೈತ್ರಿ, ಭೀಷ್ಮಾಚಾರ್ಯರ," ಎಂದಳು ಗಂಗಾ. ಓಣಿಯ ಹೆಂಗಸರು ತಮ್ಮ ಕೆಲಸ ಬಿಟ್ಟು, ಬಾಯಿಗೆ ಸೆರಗು ಹಿಡಿದು ಸುತ್ತ ನಿಂತರು. ನಾಚಿಕೆಯಿಂದ ಸಾಯುವ ಹಾಗಾಯಿತು. ಧರ್ಮರಾಯ, ಭೀಮ, ಅರ್ಜುನ ಹೇಗೋ ಮುಗಿದರು. ಪಾಂಡವರಿಗೆ ಚುಚ್ಚಲು ಉತ್ತರಾಣಿ ಕಡ್ಡಿ ತರುವ ನೆಪ ಹೇಳಿ ಹಿತ್ತಲಿನಾಚೆಗೆ ಓಡಿದೆ.

ಕಲ್ಲಿನ ಗುಂಪಿಯ ಮೇಲೆ ಆ ಸೊಟ್ಟ ಗಿಡ! ಎದೆಯೆತ್ತರ ಬೆಳೆದು, ಮೈತುಂಬ ಬಂಗಾರ ಹೇರಿಕೊಂಡು ನಿಂತಿತ್ತು! ನನ್ನ ಕಣ್ಣಲ್ಲಿ ನೀರು ಬಂತು. ಸದ್ಯ, ಅದನ್ನೂ ಗಿಡಕ್ಕೆ ಬೀಳಿಸಲಿಲ್ಲ.

ಧೋತರದ ತುಂಬ ಹೂ ಹೊತ್ತು, ದಂಡಯಾತ್ರೆ ಗೆದ್ದ ರಾಜನ ಗತ್ತಿನಲ್ಲಿ ಅಂಗಳಕ್ಕೆ ಬಂದೆ. ಓಣಿಗೆಲ್ಲ ಬೊಗಸೆ ಬೊಗಸೆ ಹಂಚಿದೆ. ಗಂಗಾಳ ಮುಖ ಅರಳಿದ್ದು ನೋಡಿ ಖರೆ ಹೇಳುತ್ತೇನೆ, ಬಹಳ ಸಂತೋಷವಾಯಿತು.

"ಹೆಂಗ ಬೆಳಸಿದ್ಯೋ ತಮ್ಮಾ?" ಎಂದರು ರತ್ನಾಬಾಯಿ.

"ಒಂದು ಹನಿ ನೀರ ಹಾಕಿಲ್ಲ ಕಾಕು! ಒಂದು ದಿನ ಹೊಳ್ಳಿ ನೋಡಿಲ್ಲ! ಅದೇ ಗುಟ್ಟು!"

"ಖರೆ ಐತಿ," ಎಂದಳು ಗಂಗಾ. "ಏನೂ ಮಾಡದ ಕುಂಡ್ರೂದರಾಗ ಇವರನ್ನ ಮೀರಸಾವ್ರು ಯಾರದಾರ?"

ಎಲ್ಲರೂ ನಕ್ಕರು. ನಾನು ಲೆಕ್ಕಿಸದೆ ಕೈ ತೊಳೆಯಲು ಎದ್ದೆ. "ಹೂ ಬಂತು, ನಾ ಗೆದ್ದೆ! ಉಳಿದ ಇಬ್ಬರನ್ನ ನೀನೇ ಮಾಡು."

ಅಷ್ಟರಲ್ಲಿ ರತ್ನಾಬಾಯಿ, ಹೂ ಮುಡಿದು ಕುಳಿತಿದ್ದ ನನ್ನ ಮೂವರು ಪಾಂಡವರನ್ನು ಬಗ್ಗಿ ನೋಡಿದರು. "ಅಯ್ಯ, ಎಷ್ಟ ಛಲೋ ಮಾಡ್ಯಾನ ನೋಡ್ರಬೇ! ಏನ ಕೈಗುಣ! ಈ ಓಣಿ ಪಾಂಡವರನ್ನೆಲ್ಲ ಇವನೇ ಮಾಡ್ಲಿ!"

ಹೆಂಗಸರೆಲ್ಲ ಹೌದು ಹೌದೆಂದು ಮನೆಗೆ ಓಡಿ, ತಮ್ಮ ತಮ್ಮ ಸಗಣಿ ಬುಟ್ಟಿ ತಂದು ನನ್ನ ಮುಂದಿಟ್ಟರು.

ಹೂ ನನ್ನದು, ಗೆಲುವು ನನ್ನದು! ಬುಟ್ಟಿ ಎಣಿಸಿದೆ, ಏಳು; ಬುಟ್ಟಿಗೆ ಐವರು. ನಮ್ಮ ಮನೆಯ ನಕುಲ ಸಹದೇವರೂ ಸೇರಿ ಇನ್ನೂ ಮೂವತ್ತೇಳು ಪಾಂಡವರು ಬಾಕಿ!