ಗೋಡೆಗೆ ಬಂದ ಜ್ವರ

ಮನೆಯ ಗೋಡೆಗಳೊಳಗೆ ಅಡಗಿ ಕುಳಿತ ದೋಷಗಳನ್ನೆಲ್ಲ ಇವತ್ತೇ ಬಯಲಿಗೆಳೆಯುತ್ತೇನೆ ಎಂದು ಭಾನುವಾರ ಹಲ್ಲುಜ್ಜುತ್ತಲೇ ಶಪಥ ಮಾಡಿದೆ. ಗೋಡೆಯನ್ನು ಕಲ್ಲಂಗಡಿಯಂತೆ ತಟ್ಟಿ, ಗಂಭೀರವಾಗಿ ತಲೆಯಾಡಿಸಿ ಹೋಗುವ ರಿಪೇರಿ ಪಂಡಿತರ ಕಾಲ ಮುಗಿಯಿತು! ನನ್ನ ಕೈಯಲ್ಲಿ ಆಫೀಸಿನಿಂದ ಎರವಲು ತಂದ ಥರ್ಮಲ್ ಕ್ಯಾಮೆರಾ ಇತ್ತು. ಬಿಸಿ ಇದ್ದಲ್ಲಿ ಕೆಂಪು, ತಂಪಿದ್ದಲ್ಲಿ ನೀಲಿ. ವಿಜ್ಞಾನ ಓದಿದವನಿಗೆ ಇನ್ನೇನು ಬೇಕು?

"ಎಲ್ಲಿ ಬೇಕಾದ್ರೂ ನೋಡಿ, ಹಾಲ್ ಗೋಡೆ ಮಾತ್ರ ಮುಟ್ಟಬೇಡಿ," ಎಂದಳು ಹೆಂಡತಿ. ಅದರ ತಿಳಿಹಸಿರು ಬಣ್ಣವನ್ನು ಅಂಗಡಿ ಅಂಗಡಿ ಅಲೆದು ಆರಿಸಿ, ಏಣಿ ಹತ್ತಿ ತಾನೇ ಬಳಿದಿದ್ದಳು. ಒಣಗಿ ವಾರವೂ ಆಗಿರಲಿಲ್ಲ.

"ಕ್ಯಾಮೆರಾ ಮುಟ್ಟೋದಿಲ್ಲ ಮಹಾರಾಯ್ತಿ, ಬರೀ ನೋಡುತ್ತೆ!"

ಅಷ್ಟರಲ್ಲಿ ಮಾವನವರು ಪತ್ರಿಕೆ ಓದಿ ಮುಗಿಸಿ ಸ್ನಾನಕ್ಕೆ ಎದ್ದು ಹೋದರು. ನಾನು ಹಾಲ್ ಗೋಡೆಗೆ ಕ್ಯಾಮೆರಾ ಹಿಡಿದೆ. ತೆರೆಯ ಮೇಲೆ ದೊಡ್ಡದೊಂದು ಕೆಂಪು ಮಚ್ಚೆ. ಕೆಳಗೆ ಅಗಲ, ಮೇಲೆ ಗುಂಡಗೆ.

"ಒಳಗೆ ವೈರ್ ಸುಡ್ತಾ ಇದೆ! ಮೇನ್ ಆಫ್ ಮಾಡು!"

"ಅಲ್ಲಿ ವೈರೇ ಇಲ್ವಲ್ರೀ!"

"ಅದಕ್ಕೇ ಅಲ್ವಾ ಅದನ್ನ ಅಡಗಿರೋ ದೋಷ ಅನ್ನೋದು!"

ನಾನೇ ಓಡಿಹೋಗಿ ಮೇನ್ ಆಫ್ ಮಾಡಿದೆ. ಕತ್ತಲಾದ ಬಚ್ಚಲಿನಿಂದ ಮಾವನವರ ಕೂಗು ಕೇಳಿತು: "ಕರೆಂಟ್ ಹೋಯ್ತಾ?"

"ಕರೆಂಟ್ ಹೋಗಿ ಪ್ರಾಣ ಉಳೀತು ಮಾವ, ನಿಧಾನಕ್ಕೆ ಬನ್ನಿ!"

ಹೆಂಡತಿ ಅಡ್ಡ ನಿಂತಳು. ಮನೆ ಹೊತ್ತಿ ಉರಿಯುವಾಗ ಬಣ್ಣದ ಮುಖ ನೋಡಲಾದೀತೆ? ಅವಳ ಪಕ್ಕದಿಂದ ನುಸುಳಿ ಹೋಗಿ, ಉಳಿಯಿಟ್ಟು ಸುತ್ತಿಗೆ ಬೀಸಿದೆ. ಗಾರೆ ಉದುರಿತು. ಒಳಗೆ ಇಟ್ಟಿಗೆ. ಇಟ್ಟಿಗೆಯ ಹಿಂದೆ ಇನ್ನೊಂದು ಇಟ್ಟಿಗೆ. ಮತ್ತೆ ಕ್ಯಾಮೆರಾ ಹಿಡಿದೆ. ಕೆಂಪು ಮಾಯ!

"ನೋಡಿದ್ಯಾ? ಗೋಡೆಯ ಜ್ವರ ಇಳೀತು!"

"ಜ್ವರದ ಜೊತೆ ಗೋಡೇನೂ ಇಳೀತು."

ಮಾವನವರು ತಲೆ ಒರೆಸಿಕೊಳ್ಳುತ್ತ ಬಂದು, ತೂತಿನ ಮುಂದೆ ನಿಂತುಬಿಟ್ಟರು. "ಇದೇನಿದು? ಬೆಳಿಗ್ಗೆಯಿಂದ ಇಲ್ಲೇ ಒರಗಿ ಪೇಪರ್ ಓದ್ತಾ ಇದ್ನಲ್ಲ!"

ಅಗಲವಾಗಿದ್ದದ್ದು ಬೆನ್ನು, ಗುಂಡಗಿದ್ದದ್ದು ತಲೆ. ನಾನು ಬೆನ್ನು ಹತ್ತಿದ್ದು ದೋಷವನ್ನು, ಹತ್ತಿ ಹಿಡಿದದ್ದು ಮಾವನ ಬೆನ್ನನ್ನು!

ಹೆಂಡತಿ ಬೈಯಲಿಲ್ಲ. ಬಗ್ಗಿ, ತಿಳಿಹಸಿರು ಚೂರುಗಳನ್ನು ಅಂಗೈಗೆ ಆರಿಸಿಕೊಳ್ಳತೊಡಗಿದಳು. ಬೈದಿದ್ದರೇ ವಾಸಿಯಿತ್ತು. ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಆರಿಸಿದೆ.

ಮಾವನವರು ಎದುರು ಗೋಡೆಗೆ ಒರಗಿ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ನಿಂತು ಕರೆದರು:

"ಅಳಿಯಂದ್ರೇ, ನಾನು ಎದ್ದೆ. ಬಿಸಿ ಆರೋದ್ರೊಳಗೆ ಬಂದು ಇದನ್ನೂ ಒಡೆದುಬಿಡಿ!"